ಬಿಸಿಲಿನ ಬಾಡಿಗೆ

ಹೈದರಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೆ ಸೋಲಾರ್ ಹಾಕಿಸುವ ಬಗ್ಗೆ ಕಳೆದ ತಿಂಗಳು ಸಭೆ ನಡೆಯಿತು. ಎಲ್ಲರ ಪ್ರಶ್ನೆ ಒಂದೇ: ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ? ನನಗೆ ಊರು ನೆನಪಾಯಿತು.

ನಮ್ಮದು ಪಾವಗಡ ತಾಲ್ಲೂಕು. ಅಪ್ಪನಿಗೆ ಆರು ಎಕರೆ ಹೊಲ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಸಾಲ. ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬಂದಾಗ ನಾವೂ ಹೊಲವನ್ನು ಗುತ್ತಿಗೆಗೆ ಕೊಟ್ಟೆವು. ಮಾರಾಟವಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ. ಅಪ್ಪ ಜೀವಮಾನವಿಡೀ ಬೈದ ಬಿಸಿಲೇ ಅವರ ಸಾಲ ತೀರಿಸಿತು.

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ, ಮೊದಲು ನಮ್ಮ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದ ಅಕ್ಕ ಸಿಕ್ಕಿದಳು. “ನಿಮ್ಮಪ್ಪಂಗೆ ವರ್ಷಾ ವರ್ಷಾ ದುಡ್ಡು ಬತ್ತೈತೆ ಕಣಪ್ಪಾ. ಹೊಲಾನೇ ಇಲ್ದಿರೋ ನಮ್ಗೆ? ಹುಲ್ಲು ಕೀಳಾಕೆ, ಗಾಜು ತೊಳಿಯಾಕೆ ನಾಕು ಜನ ಸಾಕಂತೆ. ಮಿಕ್ಕೋರು ಎಲ್ಲಿಗೋಗಾನ?” ನನ್ನ ಬಳಿ ಉತ್ತರವಿರಲಿಲ್ಲ.

ಅವತ್ತು ರಾತ್ರಿ ಆಫೀಸಿನ ಕೆಲಸಕ್ಕೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಅಪ್ಪ ಬಲ್ಬು ನೋಡುತ್ತಾ, “ಈ ಕರೆಂಟು ನಮ್ಮ ಹೊಲದ್ದೇನೋ?” ಎಂದರು.

“ಇಲ್ಲಪ್ಪ, ರಾತ್ರಿ ನಮ್ಮ ಹೊಲ ಮಲಗಿರುತ್ತೆ. ರಾಯಚೂರಿನ ಕಲ್ಲಿದ್ದಲದ್ದೋ ಶರಾವತಿ ನೀರಿನದ್ದೋ ಇರಬೇಕು.”

“ಹಂಗಾದ್ರೆ ಹೊಸದು ಬಂತೂಂತ ಹಳೇದನ್ನ ಬಿಡೋ ಹಂಗಿಲ್ಲ.”

ಅಪ್ಪ ಹೇಳಿದ್ದು ಸದ್ಯದ ಮಟ್ಟಿಗೆ ನಿಜ. 2025ರಲ್ಲಿ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳನ್ನು ಬಿಟ್ಟ ಮೂಲಗಳದ್ದಾಯಿತು. ಆದರೆ ನಿಜವಾಗಿ ಉತ್ಪಾದನೆಯಾಗುವ ಕರೆಂಟಿನಲ್ಲಿ ಕಲ್ಲಿದ್ದಲಿನದೇ ದೊಡ್ಡ ಪಾಲು. ಸೂರ್ಯ ಮುಳುಗುವ ಹೊತ್ತಿಗೇ ನಮ್ಮ ಮನೆಗಳ ದೀಪ, ಟಿವಿ, ಎಸಿ ಶುರುವಾಗುತ್ತವೆ. ಹಗಲಿನದ್ದನ್ನು ರಾತ್ರಿಗೆ ಉಳಿಸಲು ದುಬಾರಿ ಬ್ಯಾಟರಿ ಬೇಕು. ಇಲ್ಲವೇ ಹಗಲು ನೀರನ್ನು ಮೇಲಕ್ಕೆ ಪಂಪ್ ಮಾಡಿ ರಾತ್ರಿ ಕೆಳಗೆ ಬಿಡಬೇಕು. ಶರಾವತಿ ಕಣಿವೆಯ ಅಂಥ ಯೋಜನೆಗೆ ಸಿಂಗಳೀಕಗಳ ಕಾಡು ಉಳಿಯಲಿ ಎಂದು ವಿರೋಧವಿದೆ.

ಹಾಗಂತ ಕಲ್ಲಿದ್ದಲಿಗೇ ಅಂಟಿಕೊಂಡಿರಲಾಗದು. ಅದರ ಹೊಗೆಯ ಬೆಲೆಯನ್ನು ನನ್ನ ಮಗಳ ಕಾಲ ತೆರಬೇಕು. ಬದಲಾವಣೆ ಬರಲೇಬೇಕು. ಆದರೆ ಅದರ ಲೆಕ್ಕದಲ್ಲಿ ಅಪ್ಪನ ಬಾಡಿಗೆಯ ಜೊತೆ ಆ ಅಕ್ಕನ ಕೂಲಿಯೂ ಇರಬೇಕು.

ಸಭೆಯಲ್ಲಿ ನಾನು ಸೋಲಾರ್ ಪರವಾಗಿ ಕೈ ಎತ್ತಿದೆ. ನಮ್ಮ ತಾರಸಿಯಲ್ಲಿ ಯಾರೂ ಕಳೆ ಕೀಳುತ್ತಿರಲಿಲ್ಲ.