ಐವತ್ತು ಗಜದ ಮೈದಾನ

ಅಮೆರಿಕದವರ ಫುಟ್‌ಬಾಲ್‌ನಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್, ಆಮೇಲೆ ಬರೀ ಡಿಕ್ಕಿ. ಇದನ್ನ ಸೂರಿನ ಕೆಳಗೆ ಆಡಿಸಿದರೆ ಹೇಗೆ ಅಂತ 1981ರಲ್ಲಿ ಜಿಮ್ ಫಾಸ್ಟರ್ ಅನ್ನೋರಿಗೆ ಹೊಳೆಯಿತು. ನ್ಯೂಯಾರ್ಕ್‌ನಲ್ಲಿ ಒಳಾಂಗಣ ಸಾಕರ್ ಪಂದ್ಯ ನೋಡ್ತಾ ಕೂತಿದ್ದವರು ಕೈಲಿದ್ದ ಲಕೋಟೆಯ ಮೇಲೇ ಮೈದಾನದ ನಕ್ಷೆ ಗೀಚಿದರು. 1987ರಲ್ಲಿ ನಾಲ್ಕೇ ತಂಡಗಳೊಂದಿಗೆ ಅರೀನಾ ಫುಟ್‌ಬಾಲ್ ಲೀಗ್ ಶುರುವಾಯ್ತು. 1990ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ತು. ಯಂತ್ರಕ್ಕಲ್ಲ ಸ್ವಾಮಿ, ಆಟಕ್ಕೆ!

ನನಗೆ ಇದು ಒಂದು ಒಳ್ಳೆ ಡಿಸೈನ್ ಪ್ರಾಬ್ಲಮ್ ಥರ ಕಾಣುತ್ತೆ. 100 ಗಜದ ಮೈದಾನ 50 ಗಜ ಆಯ್ತು, 160 ಅಡಿ ಅಗಲ 85 ಅಡಿಗೆ ಇಳೀತು, 11 ಜನ ಆಡೋ ಕಡೆ 8 ಜನ. ಚೆಂಡು ಪ್ರೇಕ್ಷಕರ ಮೇಲೆ ಹಾರಿ ಹೋಗಬಾರದಲ್ಲ? ಗೋಲ್ ಕಂಬಗಳ ಎರಡೂ ಪಕ್ಕ ದೊಡ್ಡ ಬಲೆ ಬಿಗಿದರು. ಬಲೆಗೆ ಬಡಿದು ವಾಪಸ್ ಬಂದ ಚೆಂಡನ್ನೂ ಹಿಡಿದು ಆಡಬಹುದು. ಅಂದ್ರೆ ಜಾಗದ ಕೊರತೆಯೇ ಆಟದ ನಿಯಮ ಆಯ್ತು. ಕಿರಿದಾದ ಜಾಗದಲ್ಲಿ ಎದುರಾಳಿ ಮೈಮೇಲೆ ಬರೋಕೆ ಮುಂಚೆ ಚೆಂಡು ಎಸೆಯಲೇಬೇಕು, ಯೋಚನೆ ಮಾಡ್ತಾ ನಿಂತರೆ ಮುಗೀತು.

ಈ ಆಟದ ಸುಪ್ರಸಿದ್ಧ ಕಥೆ ಕರ್ಟ್ ವಾರ್ನರ್ ಅವರದು. 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಅವರನ್ನು ಕೈಬಿಟ್ಟಿತು. ಅಯೋವಾ ರಾಜ್ಯದ ಒಂದು ಸೂಪರ್‌ಮಾರ್ಕೆಟ್‌ನಲ್ಲಿ, ಗಂಟೆಗೆ ಐದೂವರೆ ಡಾಲರ್‌ಗೆ, ಕಪಾಟುಗಳಿಗೆ ಸಾಮಾನು ಜೋಡಿಸಿದರು. 1995ರಲ್ಲಿ ಡಿ ಮೊಯಿನ್ ನಗರದ ಹೊಸ ತಂಡ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಸೇರಿದರು. ಮೂರು ಸೀಸನ್ ಅಲ್ಲೇ ಆಡಿದರು. ಆಮೇಲೆ ಸೇಂಟ್ ಲೂಯಿಸ್ ರ‍್ಯಾಮ್ಸ್, 2000ದ ಜನವರಿಯಲ್ಲಿ ಸೂಪರ್ ಬೌಲ್ ಗೆಲುವು, 2017ರಲ್ಲಿ ಹಾಲ್ ಆಫ್ ಫೇಮ್. ಮೋಟಿವೇಷನಲ್ ವಿಡಿಯೋಗಳಲ್ಲಿ ಇದನ್ನ ನೀವೂ ನೋಡಿರ್ತೀರಿ.

ಆ ವಿಡಿಯೋಗಳು ಡಿ ಮೊಯಿನ್‌ನ ಮೂರು ವರ್ಷಗಳನ್ನ ಮೂರು ಸೆಕೆಂಡಿನಲ್ಲಿ ದಾಟಿಸಿಬಿಡ್ತವೆ. ನನಗೆ ಬೇಕಾಗಿರೋದು ಅದೇ ಭಾಗ. 1996ರ ಸೀಸನ್ ತಗೊಳ್ಳಿ. ಎರಡನೇ ವರ್ಷದ ತಂಡ, 14 ಪಂದ್ಯಗಳಲ್ಲಿ 12 ಗೆದ್ದಿತು. ಫೈನಲ್ ತಮ್ಮೂರಲ್ಲೇ. ಎದುರಿಗೆ ಟ್ಯಾಂಪಾ ಬೇ ಸ್ಟಾರ್ಮ್. 42–38ರಲ್ಲಿ ಸೋತರು, ಬರೀ ನಾಲ್ಕು ಅಂಕದಿಂದ. ಮರುವರ್ಷವೂ ಫೈನಲ್‌ಗೆ ಬಂದರು, ಅರಿಜೋನಾ ಎದುರು ಮತ್ತೆ ಸೋತರು. ಆ ಸಂಜೆ ಆ ಹಾಲ್‌ನಲ್ಲಿ ಕೂತವರು ಮುಂದೆ ಸ್ಟಾರ್ ಆಗೋ ಹುಡುಗನನ್ನ ನೋಡೋಕೆ ಬಂದಿರಲಿಲ್ಲ, ಅದು ಯಾರಿಗೂ ಗೊತ್ತೂ ಇರಲಿಲ್ಲ. ತಮ್ಮೂರ ತಂಡ ಗೆಲ್ಲಲಿ ಅಂತ ಬಂದಿದ್ದರು. ವಾರ್ನರ್ ಎಸೆದ ಚೆಂಡನ್ನ ಯಾರೋ ಹಿಡೀಲೇಬೇಕಿತ್ತಲ್ಲ? ಅವರಿಗೂ ಅದೇ 12 ಗೆಲುವು, ಅದೇ ನಾಲ್ಕು ಅಂಕದ ಸೋಲು. ಅವರ ಮೇಲೆ ಯಾರೂ ವಿಡಿಯೋ ಮಾಡಲಿಲ್ಲ. ಹಾಗಂತ ಅವರ ಸೀಸನ್ ಸುಳ್ಳಾಗುತ್ತಾ?

ಇದು ನನಗ್ಯಾಕೆ ಅಂದ್ರೆ, ನಾನು ನಮ್ಮ ಕಾಲೇಜಿನ ಫುಟ್‌ಸಾಲ್ ಟೀಮ್‌ನ ಗೋಲ್‌ಕೀಪರ್. ಮೊನ್ನೆ ಫೋನಲ್ಲಿ ಅಪ್ಪ ಕೇಳಿದ್ರು, "ಆಡು, ಬೇಡ ಅನ್ನಲ್ಲ. ಆದ್ರೆ ಇದರಿಂದ ಮುಂದೆ ಏನು ಅಂತ ಯೋಚ್ನೆ ಮಾಡಿದ್ದೀಯಾ ಮಗಾ?" ಅವರು ಗದರಲಿಲ್ಲ. ಸಾಲ ತೀರಿಸ್ತಾ ಇರೋರ ನ್ಯಾಯವಾದ ಪ್ರಶ್ನೆ ಅದು. ನನ್ನ ಹತ್ರ ಉತ್ತರ ಇರಲಿಲ್ಲ. ಎರಡನೇ ವರ್ಷಕ್ಕೆ ಬಂದಮೇಲೆ ಎಲ್ಲವನ್ನೂ ಪ್ಲೇಸ್‌ಮೆಂಟ್ ಅನ್ನೋ ಒಂದೇ ತಕ್ಕಡಿಯಲ್ಲಿ ತೂಗ್ತೀವಿ: ಕ್ಲಬ್ ಸೇರಿದ್ರೆ ರೆಸ್ಯೂಮೆಗೆ ಬರುತ್ತಾ, ಕನ್ನಡದಲ್ಲಿ ಬರೆದ್ರೆ ಏನು ಲಾಭ.

ಈಗ ಒಂದು ಅರ್ಧ ಉತ್ತರ ಇದೆ. ಆ ಹಳೇ ತಂಡ 2000ದ ಸೀಸನ್ ಮುಗಿಸಿ ನ್ಯೂಯಾರ್ಕ್‌ಗೆ ಹೋಯ್ತು. ಆಮೇಲೆ ಊರಿಗೆ ಅದೇ ಹೆಸರಿನ ಹೊಸ ತಂಡ ಬಂತು. 2018ರಲ್ಲಿ ಅದು ಇಂಡೋರ್ ಫುಟ್‌ಬಾಲ್ ಲೀಗ್‌ನ ಫೈನಲ್‌ನಲ್ಲಿ ಸೂ ಫಾಲ್ಸ್ ತಂಡವನ್ನ 69–68ರಲ್ಲಿ ಸೋಲಿಸಿತು. ಒಂದೇ ಅಂಕ! ಆ ಗೆಲುವಿನಿಂದ "ಮುಂದೆ ಏನು" ಅಂತ ಆ ಊರು ಕೇಳಿರಲಿಕ್ಕಿಲ್ಲ.

ಈ ಸೆಮಿಸ್ಟರ್ ನಾನು ಆಡ್ತೀನಿ. ಸಿಜಿಪಿಎ ಎಂಟರ ಕೆಳಗೆ ಬಿದ್ರೆ ಬಿಡ್ತೀನಿ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೀನಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮ್ಯಾಚ್ ಯಾವತ್ತು?" ಅಂದ್ರು.