ಹಿಟ್ಟಿನ ಕೋಳಿ ಮತ್ತು ಸೋಯಾ ಮಾಂಸ

ಶಹಾಪುರದ ತರಗತಿಯಲ್ಲಿ ಜನ್ನನ ‘ಯಶೋಧರ ಚರಿತೆ’ಯನ್ನು (ಕ್ರಿ.ಶ. 1209) ಪಾಠ ಮಾಡುತ್ತಿದ್ದೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಗೊಡುವ ಪ್ರಸಂಗವದು. ಕತ್ತರಿಸಿದ್ದು ಹಿಟ್ಟನ್ನು, ಕೊಲ್ಲುವ ಸಂಕಲ್ಪ ಮಾತ್ರ ನಿಜವಾದುದು. ಆ ಸಂಕಲ್ಪಹಿಂಸೆಗಾಗಿ ತಾಯಿಮಗ ಹಲವು ಭವಗಳಲ್ಲಿ ತೊಳಲುತ್ತಾರೆ.

ಪಾಠ ಮುಗಿದ ಮೇಲೆ ಸುರಪುರದ ಕಡೆಯ ವಿದ್ಯಾರ್ಥಿಯೊಬ್ಬ ಬಂದು ಕೇಳಿದ: “ಸರ್, ನಮ್ಮವ್ವಗ ಸಕ್ಕರಿ ಬ್ಯಾನಿ ಅದ. ಮನ್ಯಾಗ ದೊಡ್ಡ ಮಾಂಸ ಉಣ್ತೀವಿ. ಅದನ್ನ ಬಿಟ್ಟು ಸೋಯಾ ಮಾಂಸ ತಿಂದ್ರ ಛಲೋ ಆಗ್ತದೇನ್ರಿ?”

“ಖಂಡಿತ” ಎಂದುಬಿಟ್ಟೆ. ಹುಟ್ಟಿದಂದಿನಿಂದ ಮಾಂಸ ಮುಟ್ಟದ ನನಗೂ ಅದೇ ಕಾಯಿಲೆ ಇದೆಯೆಂಬುದು ಆ ಕ್ಷಣ ನೆನಪಾಗಲಿಲ್ಲ.

ಮನೆಗೆ ಬಂದು ಓದತೊಡಗಿದೆ. 2020ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ 36 ಜನ ಎಂಟು ವಾರ ಸಸ್ಯಮಾಂಸವನ್ನೂ ಎಂಟು ವಾರ ಪ್ರಾಣಿಮಾಂಸವನ್ನೂ ತಿಂದರು. ಸಸ್ಯಮಾಂಸದ ಅವಧಿಯಲ್ಲಿ ಕೆಟ್ಟ ಕೊಲೆಸ್ಟರಾಲೂ ತೂಕವೂ ಸ್ವಲ್ಪ ಇಳಿದವು. ಆ ಸಂಶೋಧನೆಗೆ ಹಣ ಕೊಟ್ಟಿದ್ದು ಸಸ್ಯಮಾಂಸ ತಯಾರಿಸುವ ಕಂಪನಿಯೇ. 2024ರಲ್ಲಿ ಪ್ರಕಟವಾದ ಸಿಂಗಪುರದ ಪ್ರಯೋಗ ಮಧುಮೇಹದ ಅಪಾಯವಿದ್ದ 89 ಜನರನ್ನು ಎಂಟು ವಾರ ಪರೀಕ್ಷಿಸಿತು; ಅಲ್ಲಿ ಸಸ್ಯಮಾಂಸದಿಂದ ಸ್ಪಷ್ಟವಾದ ಹೆಚ್ಚಿನ ಲಾಭ ಕಾಣಲಿಲ್ಲ. ದನದ ಮಾಂಸದಲ್ಲಿ ನಾರಿಲ್ಲ, ಆದರೆ ಬಿ12 ಜೀವಸತ್ವವೂ ಸುಲಭವಾಗಿ ಮೈಗೂಡುವ ಕಬ್ಬಿಣವೂ ಇವೆ. ನಮ್ಮ ತೊಗರಿ, ಹೆಸರುಗಳಲ್ಲಿ ನಾರೂ ಪ್ರೋಟೀನೂ ಇವೆ, ಬಿ12 ಇಲ್ಲ. ಕಾರ್ಖಾನೆಯಿಂದ ಬರುವ ಸಸ್ಯಮಾಂಸದಲ್ಲಿ ಉಪ್ಪು ಹೆಚ್ಚಿರುವುದುಂಟು.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ನಮ್ಮ ಸೀಮೆಯ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನನ್ನ ತಟ್ಟೆಯಲ್ಲೂ ರೊಟ್ಟಿಯ ಜಾಗಕ್ಕೆ ಅನ್ನ ಬಂದು ಕುಳಿತಿದೆ. ಆ ತಾಯಿಯ ತಟ್ಟೆಯಲ್ಲಿ ಅನ್ನವೆಷ್ಟು, ರೊಟ್ಟಿಯೆಷ್ಟು, ಸೊಪ್ಪೆಷ್ಟು ಎಂದು ನಾನು ಕೇಳಲೇ ಇಲ್ಲ. ಮಾಂಸವೊಂದೇ ನನ್ನ ಕಣ್ಣಿಗೆ ಬಿದ್ದಿತ್ತು.

ನನ್ನ ಉತ್ತರವೂ ಹಿಟ್ಟಿನ ಕೋಳಿಯೇ. ಹೊರಗೆ ಆರೋಗ್ಯದ ಆಕಾರ. ಒಳಗಿದ್ದದ್ದು ಆ ಮನೆಯ ಊಟವನ್ನು ಬದಲಿಸಬೇಕೆಂಬ ಸಂಕಲ್ಪ. ಅಹಿಂಸೆಯಲ್ಲಿ ನನ್ನ ಶ್ರದ್ಧೆ ಕುಂದಿಲ್ಲ. ಅದನ್ನು ಅಹಿಂಸೆಯ ಹೆಸರಿನಲ್ಲಿಯೇ ಹೇಳಬೇಕಿತ್ತು, ವೈದ್ಯದ ಹೆಸರಿನಲ್ಲಲ್ಲ.

ಮರುವಾರ ಅವನನ್ನು ಕರೆದು, “ಅಂದು ತಿಳಿಯದೆ ಹೇಳಿದೆನಪ್ಪಾ” ಎಂದೆ. ಓದಿದ್ದನ್ನು ವಿವರಿಸಿ, ವೈದ್ಯರನ್ನು ಕೇಳಲು ತಿಳಿಸಿದೆ. ಅವನು ತಲೆಯಾಡಿಸಿ, “ನೀವು ಏನ್ ಉಣ್ತೀರಿ ಸರ್?” ಎಂದ. ಅನ್ನವೆಂದು ಹೇಳಲು ಸಂಕೋಚವಾಯಿತು, ಆದರೂ ಹೇಳಿದೆ.