ಒಣ ಬೋರುಗಳ ಲೆಕ್ಕ



ಆದೋನಿ ಎಂದೊಡನೆ ನಮ್ಮ ಕಡೆಯ ಹಿರಿಯರಿಗೆ ಹತ್ತಿ ಮತ್ತು ಶೇಂಗಾ ಮಾರುಕಟ್ಟೆ ನೆನಪಾಗುತ್ತದೆ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಗಡಿ ಸರಿಯಿತು, ಆದರೆ ಆ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಮಾತು ಕನ್ನಡವೇ. ಕಾಲ ಕೆಳಗಿನ ಕಲ್ಲೂ ನಮ್ಮ ಕಡೆಯಂಥದೇ. ಬಳ್ಳಾರಿ ಕೋಟೆಯ ಗುಡ್ಡ, ಆದೋನಿ ಕೋಟೆಯ ಗುಡ್ಡ, ಎರಡೂ ಗ್ರಾನೈಟ್ ಬಂಡೆಗಳ ರಾಶಿ.

ಕರ್ನೂಲು ಜಿಲ್ಲೆಯ ಈ ಪಶ್ಚಿಮ ಭಾಗದಲ್ಲಿ ನೆಲದಡಿ ಏನಿದೆಯೆಂಬ ಆಸೆ ಜನರನ್ನು ಎಂದೂ ಬಿಟ್ಟಿಲ್ಲ. ಮೊದಲ ಮಳೆ ಬಿದ್ದ ಕೂಡಲೆ ತುಗ್ಗಲಿ, ಜೊನ್ನಗಿರಿ, ಮದ್ದಿಕೆರ ಕಡೆಯ ಹೊಲಗಳಲ್ಲಿ ಜನರು ತಲೆ ಬಗ್ಗಿಸಿಕೊಂಡು ವಜ್ರ ಹುಡುಕುತ್ತಾರೆ. ಸಿಕ್ಕವರ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಸಿಗದವರದು ಬರುವುದಿಲ್ಲ. ಜೊನ್ನಗಿರಿಯಲ್ಲಿ ಚಿನ್ನದ ಅದಿರೂ ಉಂಟು. ಆದರೆ ಸಾಮಾನ್ಯ ರೈತ ಸಾಲ ಮಾಡಿ ನೆಲದಡಿ ಹುಡುಕುವುದು ನೀರನ್ನು.

ನಮಗೆ ಪರಿಚಯದ ಕುಟುಂಬವೊಂದರ ಯುವಕ ತನ್ನ ಡಾಕ್ಟರೇಟ್ ಸಂಶೋಧನೆಗೆ ಈ ಸೀಮೆಯನ್ನೇ ಆರಿಸಿಕೊಂಡ. ಉಪಕರಣಗಳ ಅಳತೆಯನ್ನೂ ಶಿಲೆಗಳ ಅಧ್ಯಯನವನ್ನೂ ಕೂಡಿಸಿ, ನೆಲದಡಿಯ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಅವನ ವಿಷಯ. ಒಂದು ಬೇಸಿಗೆಯಲ್ಲಿ ನಾವು ಎರಡು ದಿನ ಅವನೊಂದಿಗೆ ಹೊಲ ಸುತ್ತಿದೆವು.

ಕೆಲಸ ನೋಡಲು ಸರಳ. ಒಂದೇ ಸಾಲಿನಲ್ಲಿ ನಾಲ್ಕು ಉಕ್ಕಿನ ಸರಳುಗಳನ್ನು ನೆಲಕ್ಕೆ ಬಡಿಯುತ್ತಾರೆ. ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ಎಷ್ಟು ವೋಲ್ಟೇಜ್ ಬಂತೆಂದು ಅಳೆಯುತ್ತಾರೆ. ಹೊರಗಿನವನ್ನು ದೂರ ದೂರ ಸರಿಸಿದಂತೆ ವಿದ್ಯುತ್ತು ಹೆಚ್ಚು ಆಳಕ್ಕೆ ಹೋಗುತ್ತದೆ. ಬೇಸಿಗೆಯ ಒಣ ನೆಲವಾದ್ದರಿಂದ ಸರಳುಗಳ ಬುಡಕ್ಕೆ ಉಪ್ಪುನೀರು ಹುಯ್ಯುವ ಕೆಲಸ ನಮ್ಮ ಪಾಲಿಗೆ ಬಂತು. ಗಟ್ಟಿ ಬಂಡೆ ವಿದ್ಯುತ್ತನ್ನು ಸುಲಭವಾಗಿ ಬಿಡುವುದಿಲ್ಲ. ಶಿಥಿಲವಾಗಿ ನೀರು ಕುಡಿದ ಕಲ್ಲು ಬಿಡುತ್ತದೆ. ಹಸಿ ಜೇಡಿಯೂ ಬಿಡುತ್ತದೆ, ಸವುಳು ನೀರೂ ಬಿಡುತ್ತದೆ. ತೊಡಕು ಇರುವುದೇ ಇಲ್ಲಿ.

ಗುರುಮಠದಲ್ಲಿ ತರ್ಕಶಾಸ್ತ್ರ ಕಲಿಸಿದ ಗುರುಗಳು ಹೇಳುತ್ತಿದ್ದ ಉದಾಹರಣೆ ಆಗ ನೆನಪಾಯಿತು. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ಸರಿ. ಅಂಗಳ ಒದ್ದೆಯಾಗಿದೆ ಎಂದ ಮಾತ್ರಕ್ಕೆ ಮಳೆ ಬಂದಿದೆ ಎನ್ನುವಂತಿಲ್ಲ. ಯಾರೋ ನೀರು ಚಿಮುಕಿಸಿರಬಹುದು. ನಾವು ಇದನ್ನು ಹೇಳಿದಾಗ ಯುವಕ ನಕ್ಕು, ತನ್ನ ಪುಸ್ತಕದಲ್ಲಿ ಎರಡು ಲೆಕ್ಕ ಬರೆದು ತೋರಿಸಿದ. 20 ಓಮ್-ಮೀಟರಿನ 10 ಮೀಟರ್ ದಪ್ಪದ ಪದರ ಒಂದು. 40 ಓಮ್-ಮೀಟರಿನ 20 ಮೀಟರ್ ದಪ್ಪದ್ದು ಇನ್ನೊಂದು. ಮೇಲೆ, ಕೆಳಗೆ ಗಟ್ಟಿ ಪದರವಿದ್ದರೆ ಉಪಕರಣಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ರೈತನಿಗೆ ಒಂದೇ ಅಲ್ಲ. ದಪ್ಪ ಹೆಚ್ಚಿದರೆ ನೀರು ನಿಲ್ಲುವ ಜಾಗ ಹೆಚ್ಚು, ಇಳಿಸಬೇಕಾದ ಕೇಸಿಂಗ್ ಪೈಪೂ ಹೆಚ್ಚು.

ಹೈದರಾಬಾದಿನಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಪೂರ್ವ ಕರಾವಳಿಯ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಸುಮಾರು 600 ಕಿ.ಮೀ. ಉದ್ದಕ್ಕೆ ಸಿಡಿಮದ್ದು ಸಿಡಿಸಿ, ಆಳದಿಂದ ಮರಳಿ ಬಂದ ಕಂಪನಗಳನ್ನು ದಾಖಲಿಸಿದ್ದರು. ಭೂಮಿಯ ಹೊರಚಿಪ್ಪು ಇಲ್ಲಿ ಸುಮಾರು 35ರಿಂದ 40 ಕಿ.ಮೀ. ದಪ್ಪ ಎಂದು ತಿಳಿದದ್ದು ಹಾಗೆ. ಅಷ್ಟು ಆಳ ತಿಳಿದವರಿಗೆ ಇನ್ನೂರು ಅಡಿಯ ನೀರು ತಿಳಿಯದೇ ಎಂದು ಕೇಳಿದೆವು. “ಅದು ದೊಡ್ಡದು, ಅದಕ್ಕೇ ಸಿಕ್ಕಿತು ಫಾದರ್. ಬಂಡೆಯೊಳಗೆ ನೀರು ಬರುವ ಬಿರುಕು ಅಂಗೈ ಅಗಲವೂ ಇರುವುದಿಲ್ಲ” ಎಂದ.

ಎರಡನೆಯ ದಿನ ಹೊಲದ ಯಜಮಾನರಾದ ಹಿರಿಯರೊಬ್ಬರು ಬಂದು ಬೇವಿನ ನೆರಳಲ್ಲಿ ಕೂತರು. ನಾಲ್ಕು ಬೋರು ಕೊರೆಸಿದ್ದರು. ಮೊದಲನೆಯದು ಎರಡು ವರ್ಷ ನೀರು ಕೊಟ್ಟು ನಿಂತಿತ್ತು. ಉಳಿದ ಮೂರರಲ್ಲಿ ಬರೀ ಹುಡಿ. ಒಂದನ್ನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರು ತೋರಿಸಿದ್ದರಂತೆ. ಐದನೆಯದಕ್ಕೆ ಸೊಸೆಯ ಬಳೆ ಅಡವಿಡಲು ಮಾತಾಗಿತ್ತು.

“ತಮ್ಮಾ, ನಿನ್ನ ಮಿಷನ್ನು ನೀರು ತೋರಸ್ತದೋ ಇಲ್ಲೋ, ಅಷ್ಟು ಹೇಳಿಬಿಡು” ಎಂದರು.

“ಇದೊಂದೇ ತೋರಿಸೋದಿಲ್ಲ ತಾತಾ. ನಿಮ್ಮ ನಾಲ್ಕು ಬೋರಿನ ಲೆಕ್ಕ ಹೇಳ್ರಿ, ಆಮೇಲೆ ನೋಡೋಣ.”

ಹಿರಿಯರ ಮುಖ ಚಿಕ್ಕದಾಯಿತು. ಹೋದ ಹಣದ ಲೆಕ್ಕ ಪರರ ಮುಂದೆ ಹೇಳುವುದು ಯಾರಿಗೆ ತಾನೆ ಇಷ್ಟ? ಆದರೂ ಹೇಳಿದರು. ಹೇಳತೊಡಗಿದ ಮೇಲೆ ನಮಗೆ ಆಶ್ಚರ್ಯ. ಎಲ್ಲಿ ಕೆಂಪು ಮೊರಂ ಮುಗಿಯಿತು, ಎಷ್ಟು ಅಡಿಗೆ ಬಿಳಿ ಹುಡಿ ಬಂತು, ಎಲ್ಲವೂ ಬಾಯಿಪಾಠ. ಎರಡನೆಯ ಬೋರಿಗೆ ಇಪ್ಪತ್ತು ಅಡಿಯ ಕೇಸಿಂಗ್ ಪೈಪು ಮೂರು ಇಳಿದಿದ್ದವು. ಅಂದರೆ ಮೆತ್ತಗಿನ ಪದರ ಸುಮಾರು ಅರವತ್ತು ಅಡಿ, 18 ಮೀಟರ್. ಯುವಕ ತನ್ನ ಎರಡು ಲೆಕ್ಕಗಳಲ್ಲಿ ಮೊದಲನೆಯದನ್ನು ಅಲ್ಲೇ ಹೊಡೆದುಹಾಕಿದ. ನಾಲ್ಕನೆಯದರಲ್ಲಿ ಬಂದದ್ದು “ಕರೀ ಹುಡಿ, ಕಾಡಿಗೆ ಹಂಗೆ”. ಅದನ್ನು ಕೇಳಿದ್ದೇ ಅವನು ಎದ್ದು, ಕಾಂತತ್ವ ಅಳೆಯುವ ಉಪಕರಣ ಹೊತ್ತು ಹೊಲದ ಉದ್ದಕ್ಕೂ ನಡೆದ. ಒಂದು ಗೆರೆಯ ಮೇಲೆ ಅಂಕಿಗಳು ಜಿಗಿದವು. ಗ್ರಾನೈಟನ್ನು ಸೀಳಿಕೊಂಡು ನಿಂತ ಕರಿಕಲ್ಲಿನ ಗೋಡೆ ಅಲ್ಲಿತ್ತು. ಭೂವಿಜ್ಞಾನಿಗಳು ಇದನ್ನು ಡಾಲರೈಟ್ ಡೈಕ್ ಎನ್ನುತ್ತಾರೆ. ಹಿರಿಯರು ಸರಿಯಾಗಿ ಅದರ ನೆತ್ತಿಯ ಮೇಲೆಯೇ ಕೊರೆಸಿದ್ದರು. ಇಂಥ ಗೋಡೆ ನೆಲದಡಿಯ ನೀರನ್ನು ತಡೆದು ಮೇಲು ಮಗ್ಗುಲಿನಲ್ಲಿ ನಿಲ್ಲಿಸುವುದುಂಟು.

ಫ್ರಾನ್ಸ್ ದೇಶದಲ್ಲಿ ಪರಾಮೆಲ್ ಎಂಬ ಗುರುಗಳಿದ್ದರು. ಕವಲುಕಡ್ಡಿ ಹಿಡಿಯದೆ, ಕಣಿವೆಯ ಇಳಿಜಾರು ಮತ್ತು ಕಲ್ಲಿನ ಬಗೆ ನೋಡಿಯೇ ಊರೂರಿಗೆ ಒರತೆ ತೋರಿಸಿದರು. 1856ರಲ್ಲಿ ಆ ಬಗ್ಗೆ ಪುಸ್ತಕ ಬರೆದರು. ಉಪಕರಣವಿಲ್ಲದ ಕಾಲದಲ್ಲಿ ಅಷ್ಟು ಸಾಧ್ಯವಾಗಿತ್ತು. ಉಪಕರಣ ಬಂದ ಮೇಲೆ ಕಲ್ಲು ನೋಡುವುದನ್ನೇ ಬಿಟ್ಟು, ಅರ್ಧ ಗಂಟೆಯಲ್ಲಿ ಪಾಯಿಂಟ್ ಗುರುತು ಹಾಕಿ ಹಣ ಎಣಿಸಿಕೊಂಡು ಹೋಗುವವರೂ ಇದ್ದಾರೆ. ತೆಂಗಿನಕಾಯಿಗಿಂತ ಅವರೇನು ಮೇಲೆಂದು ನಮಗೆ ಅನಿಸುವುದಿಲ್ಲ.

ಕೆಲವು ವಾರಗಳ ನಂತರ ಯುವಕ ಚಿತ್ರ ಮುಗಿಸಿ ತಂದ. ಹೇಳಬೇಕಾದ ಮಾತು ಕಹಿಯಾಗಿತ್ತು: ಹಿರಿಯರ ಹೊಲವೆಲ್ಲ ಗೋಡೆಯ ಕೆಳ ಮಗ್ಗುಲಿಗಿದೆ. ಸಾಧ್ಯತೆ ಇರುವುದು ಮೇಲು ಮಗ್ಗುಲಿನಲ್ಲಿ. ಅದು ಅವರ ತಮ್ಮನ ಹೊಲ. ಪಾಲಾದ ಮೇಲೆ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಹಿರಿಯರು ಬಹಳ ಹೊತ್ತು ಕಾಗದ ನೋಡಿ, “ಹಂಗಾದ್ರೆ ನಂದರಾಗ ಕೊರಸೋದು ಬೇಡ ಅಂತೀಯ” ಎಂದರು. “ಬೇಡ ತಾತಾ” ಎಂದ. ಬಳೆಗಳು ಪೆಟ್ಟಿಗೆಯಲ್ಲೇ ಉಳಿದವು. ಆ ಕಾಗದ ಸೊಸೆಯ ಕೈಯಿಂದ ತಮ್ಮನ ಮನೆಗೆ ಹೋಯಿತು.

ಮಳೆಗಾಲ ಕಳೆದು ತಮ್ಮ ಕೊರೆಸಿದ. ನೀರು ಬಂತು, ಹೇರಳವಾಗಿ ಅಲ್ಲ, ಸುಮಾರಾಗಿ. ಸಂಜೆ ಒಂದು ಗಂಟೆ ಅಣ್ಣನ ಶೇಂಗಾಕ್ಕೂ ಪೈಪು ಬಿಟ್ಟಿದ್ದಾನಂತೆ. ಯುವಕ ಮಾತ್ರ ಇದನ್ನು ತನ್ನ ಪ್ರಬಂಧದಲ್ಲಿ ಸೇರಿಸಿಲ್ಲ. ಎರಡು ಬೇಸಿಗೆ ಕಳೆಯಲಿ ಎನ್ನುತ್ತಾನೆ. ಕೊನೆಯ ಕೋಷ್ಟಕದಲ್ಲಿ ಹಿರಿಯರ ನಾಲ್ಕು ಬೋರುಗಳಿವೆ, ಆಳ, ಪೈಪು, ಹುಡಿಯ ಬಣ್ಣ ಸಮೇತ.